ಕಲಬುರಗಿಯ ಸೂಫಿ ಸಂತ ಬಂದೇ ನವಾಜರ ದರ್ಗಾಕ್ಕೆ ಬೇರೆ ಧರ್ಮದವರು ಹೋಗಬಹುದೇ? ಒಂದೇ ದಿನದಲ್ಲಿ ಏನೇನು ನೋಡಬಹುದು?

ಧಾರಾಳವಾಗಿ ಹೋಗಬಹುದು. ಬೆಂಗಳೂರಿನಿಂದ ಮೊದಲ ಸಲ ಬರ್ತಿದ್ದೀರಿ, ಜೊತೆಗೆ ವಯಸ್ಸಾದ ಅಮ್ಮ ಇದ್ದಾರೆ, ಅಲ್ಲಿನ ರೀತಿ ರಿವಾಜು ಗೊತ್ತಿಲ್ಲ ಎಂದು ಬರೆದಿದ್ದೀರಿ. ನಾನು ಆ ಕಡೆಯವಳೇ. ನಮ್ಮದು ಲಿಂಗಾಯತರ ಮನೆ. ಮಗುವಿಗೆ ಹುಷಾರು ತಪ್ಪಿದರೂ, ಮದುವೆ ಗೊತ್ತಾದರೂ ಬಂದೇ ನವಾಜರಿಗೆ ಸಕ್ಕರೆ ಓದಿಸಿಕೊಂಡು ಬರುವುದು ನಮ್ಮಲ್ಲಿ ರೂಢಿ. ಹೀಗೆ ಬರುವ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಅಲ್ಲಿ ನಿಮ್ಮ ಜಾತಿ, ಧರ್ಮ ಯಾರೂ ಕೇಳುವುದಿಲ್ಲ.

ಆದರೆ ದರ್ಗಾಕ್ಕೆ ನೇರವಾಗಿ ಹೋಗಬೇಡಿ. ಬೆಳಿಗ್ಗೆ ಮೊದಲು ಕೋಟೆ, ಆಮೇಲೆ ಹಫ್ತ್ ಗುಂಬಜ್, ಕೊನೆಗೆ ದರ್ಗಾ. ಹೀಗೆ ಹೋದರೆ ಆ ಜಾಗದ ಕಥೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಕೋಟೆಯೊಳಗಿನ ಜಾಮಿಯಾ ಮಸೀದಿ 1367ರದ್ದು. ಬಹಮನಿ ಸುಲ್ತಾನರ ಕಾಲದಲ್ಲಿ, ಇರಾನಿನ ಕಜ್ವೀನ್ ಊರಿನ ರಫಿ ಎಂಬಾತ ಕಟ್ಟಿದ್ದು. ದೊಡ್ಡ ಮಸೀದಿ ಅಂದರೆ ಸಾಮಾನ್ಯವಾಗಿ ನಡುವೆ ತೆರೆದ ಅಂಗಳ ಇರುತ್ತದೆ, ಅಲ್ವಾ? ಇಲ್ಲಿ ಅಂಗಳವೇ ಇಲ್ಲ. 216 ಅಡಿ ಉದ್ದ, 176 ಅಡಿ ಅಗಲದ ಇಡೀ ಕಟ್ಟಡಕ್ಕೆ ಗುಮ್ಮಟ, ಕಮಾನುಗಳ ಚಾವಣಿ. ಬೆಳಕೆಲ್ಲ ಪಕ್ಕದ ಅಗಲವಾದ ಕಮಾನುಗಳಿಂದ ಒಳಗೆ ಬರುತ್ತದೆ. ಸ್ಪೇನಿನ ಕಾರ್ಡೋಬಾ ಮಸೀದಿಯ ಹಾಗೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಆ ಹೋಲಿಕೆ ಅಷ್ಟು ಒಪ್ಪಿಗೆಯಿಲ್ಲ. ಅಲ್ಲಿನದು ಬಹುಪಾಲು ಮರದ ಚಾವಣಿ. ಇಲ್ಲಿ ನಡುಭಾಗದಲ್ಲಿ ತಲೆಯೆತ್ತಿದಲ್ಲೆಲ್ಲ ಗುಮ್ಮಟ. ಒಂದು ಮೂಲೆಯಲ್ಲಿ ನಿಂತು ಕಮಾನುಗಳ ಸಾಲನ್ನು ಓರೆಯಾಗಿ ನೋಡಿ, ಅವಸರ ಮಾಡಬೇಡಿ.

ಈ ಕೋಟೆಯಲ್ಲಿ ಆಳಿದ ಫಿರೋಜ್ ಷಾ ಬಹಮನಿಯೇ ಬಂದೇ ನವಾಜರನ್ನು ಕಲಬುರಗಿಗೆ ಬರಮಾಡಿಕೊಂಡವನು. ಅವರ ಹೆಸರು ಸೈಯದ್ ಮುಹಮ್ಮದ್ ಹುಸೇನಿ. ಗೇಸು ದರಾಜ್ ಎಂದೂ ಕರೆಯುತ್ತಾರೆ. 1321ರಲ್ಲಿ ದೆಹಲಿಯಲ್ಲಿ ಹುಟ್ಟಿದವರು, ಅಲ್ಲಿನ ಸೂಫಿ ಸಂತ ಚಿರಾಗ್ ದೆಹಲಿಯವರ ಶಿಷ್ಯರು. 1398ರಲ್ಲಿ ತೈಮೂರ್ ದಂಡೆತ್ತಿ ಬಂದಾಗ ದೆಹಲಿ ಬಿಟ್ಟರು. ಆಗ ಅವರಿಗೆ ಎಪ್ಪತ್ತು ದಾಟಿತ್ತು! ಮೊದಮೊದಲು ಸುಲ್ತಾನನಿಗೂ ಅವರಿಗೂ ಚೆನ್ನಾಗಿತ್ತು. ಆಮೇಲೆ ಕೆಟ್ಟಿತು. ಫಿರೋಜ್ ತನ್ನ ಮಗನಿಗೆ ಪಟ್ಟ ಕಟ್ಟಲು ಹೊರಟಾಗ, ಇವರ ಒಲವು ಸುಲ್ತಾನನ ತಮ್ಮ ಅಹ್ಮದನ ಕಡೆಗಿತ್ತು. ಅರಮನೆ ಹತ್ತಿರ ಜನ ಸೇರುವುದು ಜಾಸ್ತಿಯಾಯಿತು ಎಂಬ ನೆಪ ಹೇಳಿ ಸುಲ್ತಾನ ಅವರನ್ನು ಊರಾಚೆ ಕಳಿಸಿದ, ಅವರು ಹೋಗಿ ನೆಲೆಸಿದ ಜಾಗದಲ್ಲೇ ಸಮಾಧಿಯಾಯಿತು ಎಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಕೋಟೆಯಿಂದ ದರ್ಗಾಕ್ಕೆ ನೀವು ಆಟೋದಲ್ಲಿ ಹೋಗುವ ದೂರ ಇದೆಯಲ್ಲ, ಅದು ಆ ಮುನಿಸಿನ ದೂರ.

ದಾರಿಯಲ್ಲಿ ಹಫ್ತ್ ಗುಂಬಜ್ ಹತ್ತಿರ ಇಳಿಯಿರಿ. ಬಹಮನಿ ಸುಲ್ತಾನರ ಗೋರಿಗಳಿವು. ಅವುಗಳಲ್ಲಿ ಎರಡು ಗುಮ್ಮಟದ ದೊಡ್ಡದು ಫಿರೋಜನದ್ದು. ಅವನೂ ಬಂದೇ ನವಾಜರೂ ತೀರಿಕೊಂಡಿದ್ದು ಒಂದೇ ವರ್ಷ, 1422ರಲ್ಲಿ. ಸುಲ್ತಾನನ ಗೋರಿ ನೋಡಲು ಬರುವವರು ಕೆಲವೇ ಜನ. ದರ್ಗಾದಲ್ಲಿ ಇಡೀ ದಿನ ಜನ ತುಂಬಿರುತ್ತಾರೆ. ಇದನ್ನು ಓದಿ ತಿಳಿಯುವುದಕ್ಕಿಂತ ಒಂದೇ ದಿನ ಎರಡನ್ನೂ ನೋಡಬೇಕು.

ದರ್ಗಾದಲ್ಲಿ ಚಪ್ಪಲಿ ಹೊರಗೆ ಬಿಡಿ. ತಲೆ ಮೇಲೆ ಕರ್ಚೀಫೋ ಟೋಪಿಯೋ ಇರಲಿ. ಅಮ್ಮ ಸೆರಗು ಹೊದ್ದುಕೊಂಡರೆ ಸಾಕು. ಹೂವು, ಸಕ್ಕರೆ, ಸಮಾಧಿಗೆ ಹೊದಿಸುವ ಚಾದರ್ ಎಲ್ಲ ಹೊರಗಿನ ಅಂಗಡಿಗಳಲ್ಲಿ ಸಿಗುತ್ತದೆ. ತರಲೇಬೇಕು ಅಂತೇನಿಲ್ಲ, ಬರಿಗೈಯಲ್ಲೂ ಹೋಗಬಹುದು. ಸಕ್ಕರೆ ಕೊಟ್ಟರೆ ಫಾತಿಹಾ (ಕುರಾನಿನ ಪ್ರಾರ್ಥನೆ) ಓದಿ ವಾಪಸ್ ಕೊಡುತ್ತಾರೆ, ಅದೇ ಪ್ರಸಾದ. ಹೊಸ್ತಿಲು ತುಳಿಯಬೇಡಿ. ಹೊರಗೆ ಬರುವಾಗ ಸಮಾಧಿಗೆ ಬೆನ್ನು ತೋರಿಸದೆ ಹಿಂದೆ ಹಿಂದೆ ಹೆಜ್ಜೆ ಇಟ್ಟು ಬರುವುದು ವಾಡಿಕೆ. ಫೋಟೋ ತೆಗೆಯುವ ಮುಂಚೆ ಕೇಳಿ.

ಹೆಂಗಸರು ಸಮಾಧಿಯ ಕೋಣೆಯೊಳಗೆ ಹೋಗುವುದಿಲ್ಲ, ಹೊರಗೆ ನಿಂತು ಬೇಡಿಕೊಳ್ಳುತ್ತಾರೆ. ಅನೇಕ ದರ್ಗಾಗಳಲ್ಲಿ ಇದೇ ಪದ್ಧತಿ. ಅಮ್ಮನಿಗೆ ಮೊದಲೇ ಹೇಳಿಬಿಡಿ, ಅಲ್ಲಿಗೆ ಬಂದ ಮೇಲೆ ಗೊತ್ತಾದರೆ ಮನಸ್ಸಿಗೆ ನೋವಾಗುತ್ತದೆ. ನೀವು ಒಳಗೆ ಹೋದಾಗ ಗೋಡೆ, ಗುಮ್ಮಟದ ಮೇಲಿನ ಬಣ್ಣದ ಚಿತ್ತಾರ ಚೆನ್ನಾಗಿ ನೋಡಿಕೊಂಡು ಬಂದು ಅವರಿಗೆ ವಿವರಿಸಿ. ಆಮೇಲೆ ಇಬ್ಬರೂ ಆವರಣದಲ್ಲಿ ಸುಮ್ನೆ ಒಂದಷ್ಟು ಹೊತ್ತು ಕೂತುಕೊಳ್ಳಿ. ಹಳ್ಳಿಗಳಿಂದ ಬುತ್ತಿ ಕಟ್ಟಿಕೊಂಡು ಬಂದವರು ಪಕ್ಕದಲ್ಲೇ ಇರುತ್ತಾರೆ. ಮಾತಾಡಿಸಿ, ಹರಕೆಯ ಕಥೆಗಳನ್ನು ಅವರೇ ಹೇಳುತ್ತಾರೆ. ನನಗೆ ದರ್ಗಾದಲ್ಲಿ ಎಲ್ಲಕ್ಕಿಂತ ಇಷ್ಟದ್ದು ಇದೇ.

ಏಪ್ರಿಲ್, ಮೇ ಬೇಡ. ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಅಮ್ಮನಿಗೆ ಆಗಲ್ಲ. ಗುರುವಾರ ಸಂಜೆ ಮತ್ತು ಶುಕ್ರವಾರ ಮಧ್ಯಾಹ್ನ ಜನ ಜಾಸ್ತಿ. ಉರುಸು, ಅಂದರೆ ಸಂತರ ಪುಣ್ಯತಿಥಿಯ ಜಾತ್ರೆ, ಇಸ್ಲಾಮಿ ಪಂಚಾಂಗದ ಜಿಲ್ಕಾದ್ ತಿಂಗಳ 15ಕ್ಕೆ ಶುರುವಾಗುತ್ತದೆ. ಚಂದ್ರಮಾನದ ಲೆಕ್ಕವಾದ್ದರಿಂದ ನಮ್ಮ ಕ್ಯಾಲೆಂಡರಿನಲ್ಲಿ ವರ್ಷ ವರ್ಷ ಹತ್ತು, ಹನ್ನೊಂದು ದಿನ ಹಿಂದಕ್ಕೆ ಬರುತ್ತದೆ. ಮೆಹಬೂಬ್ ಗುಲ್ಶನ್ ಉದ್ಯಾನದಿಂದ ಹೊರಡುವ ಸಂದಲ್ (ಗಂಧದ) ಮೆರವಣಿಗೆ ನೋಡುವ ಆಸೆ ಇದ್ದರೆ ಆಗ ನೀವೊಬ್ಬರೇ ಇನ್ನೊಮ್ಮೆ ಬನ್ನಿ. ಆ ನೂಕುನುಗ್ಗಲಿನಲ್ಲಿ ವಯಸ್ಸಾದವರನ್ನು ಕರೆದುಕೊಂಡು ಬರುವುದು ಕಷ್ಟ.