ಮಸ್ಕ್‌ರ್ಯಾಟಾ, ಗ್ರೀನ್ ಡಾರ್ನರ್ರಾ, ನೀರಿಗೆ ಹೆಚ್ಚು ಒಗ್ಗಿರೋದು ಯಾವ್ದು?

ಇವೆರಡ್ರಲ್ಲಿ ನಿಜವಾದ ನೀರಿನ ಜೀವಿ ಯಾವ್ದು ಅಂತ ಕೇಳಿದೀರ, ಒಂದು ಈಜೋ ಇಲಿ ಇನ್ನೊಂದು ಹಾರೋ ಏರೋಪ್ಲೇನ್ ಚಿಟ್ಟೆ ಅಂದ್ಮೇಲೆ ಇಲಿನೇ ಅಂತ ಎಲ್ರೂ ಹೇಳ್ತಾರೆ, ನನ್ನ ವೋಟು ಮಾತ್ರ ಚಿಟ್ಟೆಗೆ. ನಾನಿರೋದು ಅಮೆರಿಕದ ಮಿನ್ನೆಸೋಟಾದಲ್ಲಿ, ಮನೆ ಹಿಂದಿನ ಕೊಳದಲ್ಲಿ ಎರಡೂ ಇವೆ.

ಅಂದಹಾಗೆ ಈ ಮಸ್ಕ್‌ರ್ಯಾಟ್ ಊರಲ್ಲಿ ಗೋಡೆ ಪಕ್ಕ ಕಿಚಕಿಚ ಅಂತ ಓಡೋ ಸೊಂಡಿಲಿ ಅಲ್ಲ. ಅದಕ್ಕೂ ಕೆಲವ್ರು ಮಸ್ಕ್‌ರ್ಯಾಟ್ ಅಂತಾರೆ, ಆದ್ರೆ ಅದು ಇಲಿ ಜಾತಿನೇ ಅಲ್ಲ. ಇಲ್ಲಿಂದು ಒಂದು ಕೆಜಿ ಆಸುಪಾಸು ತೂಗತ್ತೆ, ಬಾಲ ಎಡಬಲಕ್ಕೆ ಚಪ್ಪಟೆ, ಈಜುವಾಗ ಹಾವು ಹೋದಂಗೆ ಅದನ್ನ ಆಡಿಸ್ತಿರತ್ತೆ. ತುಟಿ ಮುಂದಿನ ಹಲ್ಲುಗಳ ಹಿಂದೆ ಮುಚ್ಕೊಳ್ಳತ್ತೆ, ಹಂಗಾಗಿ ನೀರೊಳಗೇ ಜೊಂಡು ಕಡಿದ್ರೂ ಬಾಯಿಗೆ ನೀರು ನುಗ್ಗಲ್ಲ. ಹದಿನೈದು ನಿಮಿಷ ಮುಳುಗಿರಬಲ್ಲದು, ಒಪ್ಕೋತೀನಿ, ಆದ್ರೆ ಹದಿನಾರನೇ ನಿಮಿಷಕ್ಕೆ? ಮೂಗು ಮೇಲೆ ಬರ್ಲೇಬೇಕಲ್ಲ! ಚಳಿಗಾಲದಲ್ಲಿ ಕೊಳ ಹೆಪ್ಪುಗಟ್ಟಿದಾಗ ಪಾಪ ಐಸಲ್ಲಿ ತೂತು ಮಾಡಿ, ಅದು ಮುಚ್ಚಿಹೋಗದಂಗೆ ಕಳೆ ಗುಡ್ಡೆ ಹಾಕಿ, ಅದರೊಳಗೆ ಕೂತು ಉಸಿರಾಡತ್ತೆ.

ಅದೇ ಐಸ್ ಕೆಳಗೆ ಡಾರ್ನರ್ ಮರಿಗಳೂ ಇರ್ತವೆ. ದೊಡ್ಡವು ಕೆಲವು ಸೆಪ್ಟೆಂಬರ್ ಹೊತ್ತಿಗೆ ದಕ್ಷಿಣಕ್ಕೆ ಹಾರಿಹೋಗ್ತವೆ, ಮರಿಗಳಿಗೆ ರೆಕ್ಕೆ ಎಲ್ಲಿಂದ ಬರ್ಬೇಕು, ಇಲ್ಲೇ ನೀರಲ್ಲಿ ಚಳಿಗಾಲ ಕಳೀತವೆ. ಇವುಕ್ಕೆ ಮೇಲೆ ಬಂದು ಉಸಿರು ತಗೊಳ್ಳೋ ರಗಳೆನೇ ಇಲ್ಲ, ಯಾಕಂದ್ರೆ ಕಿವಿರು ಇರೋದು ಗುದದ್ವಾರದ ಒಳಗೆ (ನಗಬೇಡಿ), ನೀರು ಒಳಗೆ ಎಳ್ಕೊಂಡು ಆಕ್ಸಿಜನ್ ತಗೊಳ್ಳತ್ತೆ, ಗಾಬರಿಯಾದ್ರೆ ಅದೇ ನೀರನ್ನ ಜೋರಾಗಿ ಹಿಂದಕ್ಕೆ ಚಿಮ್ಮಿ ರಾಕೆಟ್ ಥರ ಮುಂದಕ್ಕೆ ಹಾರತ್ತೆ. ಬೇಟೆಗೆ ಮಡಚಿಟ್ಕೊಂಡ ಕೆಳತುಟಿ ಇದೆ, ಕಣ್ಣು ಮಿಟುಕಿಸೋದ್ರೊಳಗೆ ಅದು ಮುಂದಕ್ಕೆ ಚಾಚಿ ಸೊಳ್ಳೆ ಮರಿಯನ್ನೋ ಗೊದಮೊಟ್ಟೆಯನ್ನೋ ಹಿಡಿದಾಯ್ತು. ಒಂದ್ಸಲ ಡಬ್ಬಿಯಲ್ಲಿ ಇಟ್ಟು ನೋಡಿದ್ದೆ, ಹಿಡಿದದ್ದು ಕಾಣ್ಲೇ ಇಲ್ಲ, ಗೊದಮೊಟ್ಟೆ ಬಾಲ ಬಾಯಿಂದ ಆಚೆ ಒದ್ದಾಡ್ತಿದ್ದಿದ್ದಷ್ಟೇ ಕಂಡಿದ್ದು.

ಡಾರ್ನರ್ ಹಾರೋದು ಬದುಕಿನ ಕೊನೇ ಕೆಲವು ವಾರ ಅಷ್ಟೇ. ಆಗಲೂ ಮೊಟ್ಟೆ ಇಡೋಕೆ ನೀರಿಗೇ ವಾಪಸ್. ಹೋದ ಜೂನಲ್ಲಿ ಮಸ್ಕ್‌ರ್ಯಾಟ್ ಕಡಿದು ಬಿಟ್ಟ ಜೊಂಡಿನ ತುಂಡೊಂದು ತೇಲ್ತಿತ್ತು, ಅದರ ಮೇಲೆ ಡಾರ್ನರ್ ಜೋಡಿ, ಗಂಡು ಹೆಣ್ಣಿನ ತಲೆ ಹಿಂದೆ ಹಿಡ್ಕೊಂಡೇ ಕೂತಿದೆ, ಹೆಣ್ಣು ಬಾಲ ನೀರಿಗಿಳಿಸಿ ದಂಟು ಕೊರೆದು ಮೊಟ್ಟೆ ತೂರಿಸ್ತಿದೆ. ಅಷ್ಟರಲ್ಲಿ ಪಕ್ಕದಲ್ಲೇ ನಮ್ಮ ಇಲಿರಾಯ ಬುಳಕ್ ಅಂತ ಉಸಿರಿಗೆ ಮೇಲೆ ಬಂದ, ಜೋಡಿ ಎದ್ದು ಹೋಯ್ತು.