ಕಾಲುವೆ ಹೋದಲ್ಲೆಲ್ಲ ಕ್ಯಾಂಪು

ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ಇಷ್ಟೊಂದು ತೆಲುಗಿನವರು ಇದ್ದಾರೆ, ಪಕ್ಕದ ಲಿಂಗಸುಗೂರಿನಲ್ಲಿ ಯಾಕೆ ಅಷ್ಟಿಲ್ಲ ಅಂತ ಕೇಳಿದ್ದೀರಿ. ಆಂಧ್ರದ ಗಡಿ ಹತ್ತಿರ ಅಲ್ವಾ, ಅದಕ್ಕೇ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಗಡಿಗೂ ಇದಕ್ಕೂ ಸಂಬಂಧ ಕಡಿಮೆ. ಇವರಲ್ಲಿ ಹೆಚ್ಚಿನವರು ಬಂದದ್ದು ಪಕ್ಕದ ಕರ್ನೂಲಿನಿಂದ ಅಲ್ಲ, ದೂರದ ಕೃಷ್ಣಾ, ಗೋದಾವರಿ ಜಿಲ್ಲೆಗಳಿಂದ.

ಕರೆಸಿದ್ದು ನೀರು. 1953ರಲ್ಲಿ ತುಂಗಭದ್ರಾ ಕಾಲುವೆಗೆ ನೀರು ಬಿಟ್ಟರು. ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಹರಿಯುತ್ತದೆ. ಲಿಂಗಸುಗೂರಿನ ಎತ್ತರಕ್ಕೆ ಅದು ಏರುವುದಿಲ್ಲ. ನಮ್ಮವರು ಜೋಳ, ಹತ್ತಿ ಬೆಳೆದವರು. ಎರೆಭೂಮಿ ಸಮ ಮಾಡಿ ಮಡಿ ಕಟ್ಟೋಕೆ ದುಡ್ಡೂ ಇರಲಿಲ್ಲ, ರೂಢಿಯೂ ಇರಲಿಲ್ಲ. ತೆಲುಗಿನವರಿಗೆ ಭತ್ತ ಗೊತ್ತಿತ್ತು. ಅಲ್ಲಿ ಒಂದೆಕರೆ ಮಾರಿದರೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು. ಒಬ್ಬ ಬಂದ, ಭಾವಮೈದುನನನ್ನು ಕರೆಸಿದ, ಅವನು ಊರಿನವರನ್ನು ಕರೆಸಿದ.

ಹಳೇ ಊರೊಳಗೆ ಮಾತ್ರ ಅವರು ಸೇರಲಿಲ್ಲ. ಕೊಂಡ ಹೊಲದ ಹತ್ತಿರವೇ ಮನೆ ಕಟ್ಟಿದರು, ಅದೇ ಕ್ಯಾಂಪು. ನೀರಿನ ಸರದಿ ನಡುರಾತ್ರಿ ಬಂದರೆ ಬ್ಯಾಟರಿ ಹಿಡಿದು ತೂಬಿನ ಹತ್ತಿರ ಕೂರಬೇಕು, ಇಲ್ಲದಿದ್ದರೆ ಮೇಲಿನ ಹೊಲದವನು ತಿರುಗಿಸಿಕೊಳ್ಳುತ್ತಾನೆ. ದೂರದ ಊರಲ್ಲಿ ಮಲಗಿದವನಿಗೆ ಇದು ಆಗುವ ಕೆಲಸ ಅಲ್ಲ.

ಇದೇ ಕಾಲುವೆ ಮೇಲೆ ಇವತ್ತಿನ ಜಗಳವೂ ಇದೆ. ಕಾಲುವೆ ಮಾಡಿದ್ದು ಹೆಚ್ಚಾಗಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ. ಮೇಲ್ಭಾಗದಲ್ಲಿ ಎಲ್ಲರೂ ಭತ್ತ ಹಾಕುತ್ತಾರೆ, ಮಾನ್ವಿ, ರಾಯಚೂರಿನ ಕೆಳಭಾಗದವರು ನೀರಿಗಾಗಿ ರಸ್ತೆಗೆ ಇಳಿಯುತ್ತಾರೆ. ತೆಲುಗಿನವರನ್ನೇ ಬೈಯೋದು ಸುಲಭ. ಆದರೆ ಈಗ ನಮ್ಮವರೂ ಭತ್ತವನ್ನೇ ಹಾಕುತ್ತಾರೆ, ಸೋನಾ ಮಸೂರಿ ದುಡ್ಡು ಯಾರಿಗೆ ಬೇಡ?

ಆಮೇಲೆ ಕೃಷ್ಣಾ ನದಿಯ ನಾರಾಯಣಪುರ ಅಣೆಕಟ್ಟಿನ ನೀರು ದೇವದುರ್ಗದ ಕಡೆ ಬಂತು. ಅಲ್ಲೂ ಕ್ಯಾಂಪುಗಳು ಎದ್ದವು. ನೀರು ಮುಟ್ಟದ ಊರುಗಳ ಕತೆಯೇ ಬೇರೆ. ಅಲ್ಲಿಂದ ಜನ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ನಾಟಿ ಸಮಯದಲ್ಲಿ ಹೆಣ್ಣುಮಕ್ಕಳು ಟಂಟಂ (ಮೂರು ಚಕ್ರದ ಗಾಡಿ) ತುಂಬಿಕೊಂಡು ಕ್ಯಾಂಪಿನ ಗದ್ದೆಗೆ ಬರುತ್ತಾರೆ.

ಸಿಂಧನೂರಿನ ಆರ್.ಎಚ್. ಕ್ಯಾಂಪಿನ (ಪುನರ್ವಸತಿ ಕ್ಯಾಂಪು) ಬಂಗಾಳಿಗಳನ್ನು ಇದರ ಜೊತೆ ಸೇರಿಸಬೇಡಿ. ಅವರು ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರು. ಈ ಜಾಗ ಅವರು ಹುಡುಕಿದ್ದಲ್ಲ, ಸರಕಾರ ತಂದು ಕೂರಿಸಿದ್ದು.