ಫುಗಾಜಿಯ ಆ 7 ಹಾಡುಗಳಿಂದ ಶುರು ಮಾಡಿ

ಇಡೀ ಆಲ್ಬಮ್ ಕೇಳುವ ತಾಳ್ಮೆ ಇಲ್ಲ, ಬರೀ ಕಿರುಚಾಟವೂ ಬೇಡ, ಮನಸ್ಸಿಗೆ ನಾಟುವ ಗಟ್ಟಿ ರಾಕ್ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ಹೇಳುವುದು ಒಂದೇ ಹೆಸರು: ಫುಗಾಜಿ. ವಾಷಿಂಗ್ಟನ್ ಡಿ.ಸಿ.ಯ ಬ್ಯಾಂಡ್. 1988ರಲ್ಲಿ ಬಂದ ಅವರ ಮೊದಲ ಇಪಿಗೂ (ಆಲ್ಬಮ್‌ಗಿಂತ ಚಿಕ್ಕ ರೆಕಾರ್ಡ್) ಅದೇ ಹೆಸರು. 7 ಹಾಡು, ಸುಮಾರು 23 ನಿಮಿಷ. ಮುಂಬೈ ಪಕ್ಕದ ಠಾಣೆಯಲ್ಲಿ ಫಾಸ್ಟ್ ಲೋಕಲ್ ರೈಲು ಹತ್ತಿದರೆ ದಾದರ್ ಬರುವಷ್ಟರಲ್ಲಿ ಕೇಳಿ ಮುಗಿಯುತ್ತದೆ.

ಮೊದಲ ಹಾಡು 'ವೇಟಿಂಗ್ ರೂಮ್'. ಜೋ ಲ್ಯಾಲಿಯ ಬಾಸ್ (ತಗ್ಗು ಸ್ವರದ ಗಿಟಾರ್) ಒಂದೇ ಶುರುವಾಗುತ್ತದೆ. ಆಮೇಲೆ ಗಿಟಾರ್, ಡ್ರಮ್ಸ್ ಬಂದು ಕೂಡಿಕೊಳ್ಳುತ್ತವೆ. ಇನ್ನೇನು ಹಾಡಲು ಶುರು ಮಾಡುತ್ತಾರೆ ಅನ್ನುವಾಗ ಎಲ್ಲವೂ ಒಟ್ಟಿಗೆ ನಿಂತುಬಿಡುತ್ತದೆ. ಪೂರ್ತಿ ಮೌನ. ಮೊದಲ ಸಲ ಕೇಳಿದಾಗ ನಾನು ಲೋಕಲ್‌ನ ಬಾಗಿಲ ಹತ್ತಿರ ನಿಂತಿದ್ದೆ. ಇಯರ್‌ಫೋನ್ ಕಿತ್ತು ಬಂತೇನೋ ಅಂತ ಕೈ ಕಿವಿಗೆ ಹೋಯಿತು. ಆ ಎರಡು ಮೂರು ಕ್ಷಣದಲ್ಲಿ ಡಬ್ಬಿಯ ಆ ತುದಿಯಲ್ಲಿ ಕೂತಿದ್ದ ಭಜನಾ ಮಂಡಳಿಯ ತಾಳ ಕೇಳಿಸಿತು. ಅಷ್ಟರಲ್ಲಿ ಬಾಸ್ ಮತ್ತೆ ಬಂತು. ಮೈ ಜುಮ್ಮೆಂದಿತು.

ಈ ರೆಕಾರ್ಡಿನ ಶಕ್ತಿ ಇರುವುದು ಹೀಗೆ ತಡೆದು ಹಿಡಿಯುವುದರಲ್ಲೇ. ಇದಕ್ಕೂ ಮುಂಚೆ ಫುಗಾಜಿಯ ಗಾಯಕ, ಗಿಟಾರ್ ವಾದಕ ಇಯಾನ್ ಮೆಕೈ 'ಮೈನರ್ ಥ್ರೆಟ್' ಬ್ಯಾಂಡ್‌ನಲ್ಲಿ ಉಸಿರು ಬಿಡದಂಥ ವೇಗದ ಹಾಡು ಹಾಡುತ್ತಿದ್ದರು. ಇನ್ನೊಬ್ಬ ಗಾಯಕ ಗೀ ಪಿಚಿಯೊಟ್ಟೊ ಮತ್ತು ಡ್ರಮ್ಮರ್ ಬ್ರೆಂಡನ್ ಕ್ಯಾಂಟಿ ಬಂದಿದ್ದು 'ರೈಟ್ಸ್ ಆಫ್ ಸ್ಪ್ರಿಂಗ್' ಬ್ಯಾಂಡ್‌ನಿಂದ, ಎದೆ ಬಿಚ್ಚಿ ಹಾಡುವ ಪಂಕ್ (ಒರಟು, ವೇಗದ ರಾಕ್) ಅದು. ಈಗ ಜನ ಎಮೋ ಅನ್ನುವ ಭಾವುಕ ರಾಕ್‌ನ ಬೇರು ಅಲ್ಲಿದೆ. ಆದರೆ ಈ ಇಪಿಯಲ್ಲಿ ಪಿಚಿಯೊಟ್ಟೊ ಹಾಡಿದ್ದಾರಷ್ಟೆ, ಗಿಟಾರ್ ಹಿಡಿದಿಲ್ಲ. ಗಿಟಾರ್ ಒಂದೇ ಇರುವುದರಿಂದ ಬಾಸ್‌ಗೆ ಓಡಾಡಲು ಜಾಗ ಸಿಕ್ಕಿದೆ. ಜಮೈಕಾದ ರೆಗ್ಗೆ ಸಂಗೀತದ ಲಯವೂ ಅಲ್ಲಿಂದಲೇ ನುಸುಳಿ ಬರುತ್ತದೆ. ಸಿಟ್ಟು, ಸಂಕಟ ಎರಡೂ ಇವೆ, ಆದರೆ ಯಾವುದನ್ನೂ ಸುಮ್ನೆ ಚೆಲ್ಲುವುದಿಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು ಆರನೆಯ ಹಾಡು, 'ಸಜೆಷನ್'. ಬೀದಿಯಲ್ಲಿ ನಡೆದು ಹೋಗುವ ಹೆಣ್ಣೊಬ್ಬಳು 'ನಾನು' ಅಂತಲೇ ಮಾತಾಡುವ ಹಾಡು, ಹಾಡುವವರು ಗಂಡಸು. ಮೈಮೇಲೆ ಬೀಳುವ ಕಣ್ಣುಗಳ ಬಗ್ಗೆ, ಕೊನೆಗೆ ಸುಮ್ಮನಿದ್ದು ಪಾಲುದಾರರಾಗುವ ನಮ್ಮೆಲ್ಲರ ಬಗ್ಗೆ. ಅದನ್ನು ಕೇಳುತ್ತಾ ದಾದರ್ ಸೇತುವೆ ಹತ್ತಿದೆ. ಮುಂದೆ ಒಬ್ಬಳು ಹುಡುಗಿ ಬ್ಯಾಗನ್ನು ಎದೆಗೆ ಅವುಚಿಕೊಂಡು, ಮೊಣಕೈ ಅಡ್ಡ ಹಿಡಿದು ಮೆಟ್ಟಿಲು ಇಳಿಯುತ್ತಿದ್ದಳು. ದಿನಾ ಕಾಣುವ ದೃಶ್ಯವೇ ಅಲ್ವಾ? ಅವತ್ತು ಮಾತ್ರ ಕಣ್ಣಿಗೆ ಬಿತ್ತು. ಮನೆಗೆ ಹೋಗಿ ತಂಗಿಯನ್ನು ಕೇಳಿದೆ. ಅವಳು ಹತ್ತು ವರ್ಷದಿಂದ ಹಾಗೇ ಇಳಿಯುತ್ತಿದ್ದಾಳಂತೆ.

ಕೊನೆಯ 'ಗ್ಲೂಮ್ಯಾನ್' ಸ್ವಲ್ಪ ಎಳೆಯುತ್ತದೆ, ಹಿಡಿಸಲು ನನಗೆ ತಿಂಗಳುಗಳೇ ಬೇಕಾದವು. ಮೊದಲ ದಿನ ಬಿಟ್ಟರೂ ಪರವಾಗಿಲ್ಲ.

ಹುಡುಕುವಾಗ '13 ಸಾಂಗ್ಸ್' ಅಂತ ಹುಡುಕಿ. 1989ರಲ್ಲಿ ಈ ಇಪಿಯನ್ನೂ ಮುಂದಿನ 'ಮಾರ್ಜಿನ್ ವಾಕರ್' ಇಪಿಯನ್ನೂ ಸೇರಿಸಿ ಹೊರತಂದರು. ಮೊದಲ 7 ಹಾಡು ಇವೇ. ಏಳಕ್ಕೆ ನಿಲ್ಲಿಸಿ, ಮತ್ತೆ ಮೊದಲಿನಿಂದ ಕೇಳಿ. ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಬೇಡ, ಅದರಲ್ಲಿ ಬಾಸ್ ಕೇಳಿಸುವುದೇ ಇಲ್ಲ.